ನಾಲ್ಕು ಎಳಿ ಕೇಸರ, ಒಂದು ಗ್ಲಾಸು ನೀರು

ಟೇಬಲ್ ಮ್ಯಾಲ ಒಂದು ಸ್ಟೀಲ್ ಡಬ್ಬಿ ಅದ. ಅಂಗೈಯಾಗ ಹಿಡಿಸೂವಷ್ಟು ಸಣ್ಣದು. ಮುಂಜಾನಿಂದ ಅದರ ಸುತ್ತಾನ ಅಡ್ಡಾಡಾಕ ಹತ್ತೀನಿ. ಚಹಾ ಮಾಡ್ಕೊಂಡೆ, ಕುಡೀಲಿಲ್ಲ, ಆರಿ ಹೋತು. ಕಿಟಕಿ ತಗದೆ, ಮತ್ತ ಹಾಕಿದೆ. ಡಬ್ಬಿ ಎತ್ತಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿದೆ, ಏನೂ ಸಪ್ಪಳ ಬರ್ಲಿಲ್ಲ, ಕೆಳಗಿಟ್ಟೆ. ಒಳಗಿರೋದು ಕೇಸರ. ಕೇಸರ ಸಪ್ಪಳ ಮಾಡ್ತದೇನ್ರಿ? ಮಾಡೂದಿಲ್ಲಂತ ನನಗೂ ಗೊತ್ತದ. ಆದ್ರೂ ಅಲ್ಲಾಡಿಸಿದೆ. ಮನಸ್ಸು ಒಂದು ಕಡೆ ನಿಲ್ಲವಲ್ದು ಅಂದಾಗ ಕೈ ಹಿಂಗ ಏನೇನೋ ಮಾಡ್ತಾವ ನೋಡ್ರಿ.

ನಾಳೆ ಪಾಡ್ವಾ. ನಮ್ಮದು ಯುಗಾದಿ, ಇಲ್ಲಿಯವರದು ಗುಡಿ ಪಾಡ್ವಾ, ಪುಣೆದಾಗ ಎರಡಕ್ಕೂ ಸೇರಿ ಒಂದ ಶ್ರೀಖಂಡ. ಚಂದನ ನಗರದಾಗ ನಮ್ಮ ಕಾಕಾ, ಕಾಕು ಇರ್ತಾರ. ಇವತ್ತ ಮುಂಜಾನೆ ಕಾಕು ಫೋನ್ ಮಾಡಿ, "ಮೊಸರು ಅರಿವ್ಯಾಗ ಕಟ್ಟಿ ಇಟ್ಟೀನಿ, ನಾಳೆತನಕ ನೀರಿಳಿದು ಗಟ್ಟಿ ಚಕ್ಕಾ ಆಗ್ತದ. ಕೇಸರ ನೀನ ತಗೊಂಡು ಬಾ," ಅಂದ್ಳು.

"ಆತು. ಬ್ಯಾರೆ ಏನರೆ ತರ್ಲ್ಯಾ?"

"ಏನೂ ತರಬ್ಯಾಡ. ಬಾಯಿ ಒಂದು ರೂಮಿನ್ಯಾಗ ಬಿಟ್ಟು ಬಾ."

ಕಾಕು ನಕ್ಕಳು. ನನಗ ನಗು ಬರ್ಲಿಲ್ಲ. ಯಾಕಂದ್ರ ಹೋದ ಪಾಡ್ವಾದ ದಿನ, ಇದ ಕೇಸರದ ಹೆಸರಿನ್ಯಾಗ, ಇದ ಬಾಯಿಂದ, ನಾನು ಒಂದು ಮಾತಾಡಿದೆ. ಅದು ಆಗಿ ಒಂದು ವರ್ಷ. ಅವತ್ತಿನಿಂದ ನಮ್ಮ ಕಾಕಾ ಒಂದು ಬದನಿಕಾಯಿ ಸೈತ ತಾವಾಗಿ ಆರಿಸಿ ತಂದಿಲ್ಲ.

ತಡೀರಿ, ಮೊದ್ಲಿಂದ ಹೇಳ್ತೀನಿ. ಒಮ್ಮೆ ಕೇಸರದ ಮಾತು ಸುರು ಮಾಡಿದ್ರ ನಾನು ಎಲ್ಲೆಲ್ಲೋ ಹೋಗ್ತೀನಿ, ನೀವ ಹಿಡಿದು ವಾಪಸ್ ಕರ್ಕೊಂಡು ಬರ್ಬೇಕು.

ನನ್ನ ನೌಕರಿ ಖರಾಡಿಯೊಳಗ. ಕಿವಿಗೆ ಹೆಡ್‌ಸೆಟ್ ಹಾಕ್ಕೊಂಡು ಜನರ ತಕರಾರು ಕೇಳೋದು. ಫ್ರಿಜ್ ತಣ್ಣಗಾಗವಲ್ದು, ಮಷೀನ್ ತಿರುಗವಲ್ದು, ನಿಮ್ಮ ಮನಷ್ಯಾ ಬರ್ತೀನಂದು ಬರ್ಲಿಲ್ಲ. ದಿನಾ ಪೂರ್ತಿ ಮಂದಿ ಮನಿಯೊಳಗ ಕೆಟ್ಟದ್ದನ್ನ ಕೇಳಿ ಕೇಳಿ, ಜಗತ್ತಿನ್ಯಾಗ ಚೊಲೋ ಮಾಲು ಅನ್ನೋದು ಅದನೋ ಇಲ್ಲೋ ಅನ್ನೋ ಹಂಗಾಗಿತ್ತು ನನಗ. ಅಂಥಾದ್ರಾಗ ಆಫೀಸಿನ ಒಬ್ಬಾಕಿ ಲಗ್ನಕ್ಕ ಹೋಗಿದ್ದೆ. ಊಟ ಆದ ಮ್ಯಾಲ ಸಣ್ಣ ಕುಡಿಕಿಯೊಳಗ ಹಾಲು ಕೊಟ್ರು. ಒಂದು ಗುಟುಕು ಕುಡಿದೆ, ಅಲ್ಲೇ ನಿಂತು ಬಿಟ್ಟೆ. ಹೆಂಗ ಹೇಳ್ಲಿ... ಬಿಸಿಲಾಗ ಒಣಗಿದ ಹುಲ್ಲಿನ ಬಣಿವಿ ಬಾಜೂಕ ನಿಂತಾಂಗ, ಅದರ ಮ್ಯಾಲ ಯಾರೋ ಒಂದು ಹನಿ ಜೇನು ಬಿಟ್ಟಾಂಗ, ನಾಲಿಗಿ ಹಿಂದ ಒಂಚೂರ ಕಹಿ. "ಏನ್ರಿ ಇದು?" ಅಂತ ಬಡಸವ್ನ ಕೇಳಿದೆ. "ಕೇಸರ," ಅಂದ. ಇಪ್ಪತ್ನಾಕು ವರ್ಷದಿಂದ ಕೇಸರ ತಿಂದೀನಿ ಅಂತ ತಿಳ್ಕೊಂಡಿದ್ದೆ ನಾನು. ತಿಂದಿದ್ದು ಬರೇ ಕೇಸರಿ ಬಣ್ಣ. ಕೇಸರ ತಿಂದಿರ್ಲಿಲ್ಲ.

ಅಲ್ಲಿಂದ ಹಿಡೀತು ಹುಚ್ಚು. ಕಿರಾಣಿ ಅಂಗಡ್ಯಾಗ ಒಂದು ಪ್ಲಾಸ್ಟಿಕ್ ಡಬ್ಬಿ ತಗೊಂಡು ಬಂದು ಶಿರಾ ಮಾಡಿದೆ. ಬಣ್ಣ ಬಂತು, ವಾಸನಿ ಬರ್ಲಿಲ್ಲ. ಯಾಕ ಬರ್ಲಿಲ್ಲ? ಆ 'ಯಾಕ' ಅನ್ನೋದು ನನ್ನ ತಲ್ಯಾಗ ಹೊಕ್ಕು ಕೂತಿತು. ಯಾರೂ ಗುರುಗಳಿಲ್ಲ ನನಗ, ಫೋನ್‌ನಾಗಿನ ವಿಡಿಯೋನ ಗುರು. ಒಂದು ಕಿವ್ಯಾಗ ಗಿರಾಕಿಯ ಫ್ರಿಜ್, ಇನ್ನೊಂದು ಕಿವ್ಯಾಗ ಕೇಸರ. ಒಂದಿನ ಒಬ್ಬ ಅಜ್ಜಾಗ, "ಸರ್, ನಿಮ್ಮ ಫ್ರಿಜ್ ಕತ್ತಲಿಯೊಳಗ ಬಿಗಿ ಮುಚ್ಚಿ ಇಡ್ರಿ," ಅಂತ ಕೇಸರದ ಮಾತು ಹೇಳಿಬಿಟ್ಟಿದ್ದೆ. ನಗಬ್ಯಾಡ್ರಿ, ಖರೇನ.

ಕಲಿತೆ, ಸ್ವಲ್ಪ ಕಲಿತೆ. ಒಂದು ಹೂವಿಗೆ ಮೂರ ಎಳಿ, ಅಷ್ಟ ಕೇಸರ. ತುದಿ ಕಡು ಕೆಂಪು, ಬುಡ ಹಳದಿ. ಬುಡ ಕತ್ತರಿಸಿ ಬರೇ ಕೆಂಪು ಉಳಿಸಿದ್ದಕ್ಕ ಅಂಗಡ್ಯಾವ್ರು ಮೊಂಗ್ರಾ ಅಂತಾರ, ಬುಡ ಸಮೇತ ಇದ್ರ ಲಚ್ಛಾ. ಚೊಲೋ ಎಳಿ ಮುರುದ್ರ ಕಟ್ ಅಂತ ಮುರೀಬೇಕು, ಬಳ್ಳಿ ಹಂಗ ಬಾಗಿದ್ರ ನೀರು ಹೊಡದಾರ ಅಂತ ತಿಳ್ಕೋರಿ. ನಾಲಿಗಿ ಮ್ಯಾಲ ಇಟ್ರ ಕಹಿ ಆಗ್ಬೇಕು, ಸಿಹಿ ಅನಸಿದ್ರ ಸಕ್ರಿ ಪಾಕ ಬಳದಾರ. ಆಮ್ಯಾಲ ನೀರಿನ ಪರೀಕ್ಷೆ. ನೀರಾಗ ಬಿಟ್ಟಕೂಡ್ಲೆ ಭಡಭಡ ಬಣ್ಣ ಬಿಡೋದಲ್ಲ ಕೇಸರ. ಅವಸರಾನ ಇಲ್ಲ ಅದಕ್ಕ. ಹತ್ತು ನಿಮಿಷ, ಹದಿನೈದು ನಿಮಿಷ, ಸಾವಕಾಶ ಬಂಗಾರದ ಬಣ್ಣ ಬಿಡ್ತದ, ಎಳಿ ಮಾತ್ರ ಕೆಂಪಗ ಹಂಗ ಉಳೀತದ. ತುದಿ ನೋಡಿದ್ರ ಸಣ್ಣ ಕಹಳಿ ಬಾಯಿ ಹಂಗ ಅಗಲಾಗಿರ್ತದ. ಈ ನೀರಿನ ಪರೀಕ್ಷೆ ನನಗ ಭಾಳ ಸೇರಿತ್ತು. ಎಲ್ಲಿ ಹೋದ್ರೂ, ಯಾರ ಮನ್ಯಾಗ ಕೇಸರ ಕಂಡ್ರೂ, "ಒಂದು ಗ್ಲಾಸು ನೀರು ಕೊಡ್ರಿ," ಅಂತಿದ್ದೆ. ಜನ ಪಾಪ, ನೀರಡಿಸ್ಯಾನ ಅಂತ ಕೊಡ್ತಿದ್ರು.

ಕಾಕು ಅಂತಿದ್ಳು, "ಹೆಣ್ಣು ನೋಡೋ ವಯಸ್ಸಿನ್ಯಾಗ ಈ ಹುಡುಗ ಕೇಸರ ನೋಡ್ಕೋತ ಹೊಂಟಾನ. ಅದಕ್ಕೂ ನೀರು ಕೇಳ್ತಾನ."

ಈಗ ಕಾಕಾನ ಬಗ್ಗೆ ಹೇಳ್ಬೇಕು. ನಮ್ಮಪ್ಪನ ತಮ್ಮ. ರಾಂಜಣಗಾಂವದ ಒಂದು ಕಾರ್ಖಾನಿಯೊಳಗ ಮೂವತ್ತು ವರ್ಷ, ತಯಾರಾಗಿ ಬಂದ ಕಬ್ಬಿಣದ ಸಾಮಾನು ತಪಾಸಣಿ ಮಾಡೋ ಕೆಲಸ ಮಾಡಿದಾವ್ರು. ಒಂದೊಂದನ್ನ ಕೈಯಾಗ ತಗೊಂಡು, ಅಂಚಿನ ಮ್ಯಾಲ ಬೆರಳಾಡಿಸಿ, ಸರಿ ಇದ್ರ ಹಸಿರು ಚುಕ್ಕಿ, ಇಲ್ಲಂದ್ರ ಕೆಂಪು ಚುಕ್ಕಿ. ಮನಿಗೆ ಬಂದ್ರೂ ಆ ಬೆರಳು ಸುಮ್ನಿರ್ತಿದ್ದಿಲ್ಲ. ಕಾಯಿಪಲ್ಯಾ ಮಂಡಿಯೊಳಗ ಬದನಿಕಾಯಿ ತೊಟ್ಟು ಹಿಡಿದು ತಿರುಗಿಸಿ, "ಪಾಸ್." ಕಲ್ಲಂಗಡಿ ಮ್ಯಾಲ ಎರಡು ಬೆರಳಿಂದ ಬಡಿದು, ಕಿವಿ ಇಟ್ಟು ಕೇಳಿ, "ರಿಜೆಕ್ಟ್." ಕಾಕುನ ಸೀರಿ, ಮನಿ ಪಡದೆ, ನನ್ನ ಬೂಟು, ಎಲ್ಲಾ ಅವರ ಕೈಯಿಂದ ಹಾದು ಬರ್ಬೇಕು. ಕಾಲೇಜಿನ ನಾಲ್ಕು ವರ್ಷ ನಾನು ಅವರ ಮನ್ಯಾಗ ಇದ್ದೆ. ಮೊದಲನೇ ಇಂಟರ್‌ವ್ಯೂಕ್ಕ ಹೊಂಟಾಗ ಬಾಗಿಲದಾಗ ನಿಲ್ಲಿಸಿ ಮ್ಯಾಲಿಂದ ಕೆಳಗ ನೋಡಿದ್ರು. "ಹುಡುಗ ಪಾಸ್. ಕಾಲರ್ ರಿಜೆಕ್ಟ್," ಅಂದು, ತಮ್ಮದ ಒಂದು ಇಸ್ತ್ರಿ ಮಾಡಿದ ಅಂಗಿ ತಂದು ಹಾಕಿಸಿದ್ರು. ತೋಳು ಉದ್ದಾಗಿತ್ತು. ನೌಕರಿ ಸಿಕ್ತು.

ಅಂಥಾವ್ರು ಹೋದ ಪಾಡ್ವಾಕ್ಕ ಸ್ವಲ್ಪ ಮೊದ್ಲ ರಿಟೈರ್ ಆದ್ರು. ಕಂಪನಿ ಬಸ್ಸು ಮನಿ ಮುಂದಿಂದ ಹಾದು ಹೋದ್ರ ಎದ್ದು ನಿಲ್ತಿದ್ರು, ಆಮ್ಯಾಲ ನೆನಪಾಗಿ ಕೂಡ್ತಿದ್ರು. ಉಳಿದದ್ದು ಮಂಡಿ, ಬದನಿಕಾಯಿ, ಕಲ್ಲಂಗಡಿ ಇಷ್ಟ. ಅದನ್ನೂ ನಾನ ಕಸಗೊಂಡೆ.

ಆ ಪಾಡ್ವಾದ ದಿನ ಊಟಕ್ಕ ಶಿಂದೆ ಅಂತ ಅವರ ಕಾರ್ಖಾನಿ ದೋಸ್ತ ಬಂದಿದ್ರು. ಕಾಕಾಗ ಖುಷಿಯೋ ಖುಷಿ. ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದ್ರು. ಕಾಕು ಅದನ್ನ ಕೆಂಪು ಖಣದ ಅರಿವ್ಯಾಗ ಸುತ್ತಿ, ಸೀರಿಗಳ ನಡುವ, ಬೆಳಕು ಬೀಳದಂಗ, ಅಡಗಿ ಮನಿಯಿಂದ ದೂರ ಇಟ್ಟಿರ್ತಿದ್ಳು. ಹನ್ನೆರಡು ವರ್ಷದ ಹಿಂದ ಕಾಕಾ ದೋಸ್ತರ ಜೋಡಿ ಉತ್ತರದ ಕಡೆ ಯಾತ್ರಾಕ್ಕ ಹೋಗಿದ್ರು. ವಾಪಸ್ ಬರೋವಾಗ ಯಾವುದೋ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮ್ಯಾಲ ಆರಿಸಿ ತಗೊಂಡ ಕೇಸರ ಅದು. ವರ್ಷಾ ಪಾಡ್ವಾಕ್ಕ ನಾಲ್ಕ ಎಳಿ. ಆ ಕಥಿ ನಾವೆಲ್ಲಾ ಸಾವಿರ ಸಲ ಕೇಳೀವಿ. ಅವತ್ತ ಶಿಂದೆಯವರ ಮುಂದ ಸಾವಿರದ ಒಂದನೇದು.

ಕಥಿ ಮುಗಿಸಿ ಕಾಕಾ ನನ್ನ ಕಡೆ ತಿರುಗಿದ್ರು. "ನಮ್ಮ ಹುಡುಗ ಈಗ ಕೇಸರದ ಇನ್ಸ್‌ಪೆಕ್ಟರ್ ಆಗ್ಯಾನ. ಏ, ಹಾಕೋ ನೀರಾಗ! ಶಿಂದೆಗೆ ತೋರಸು, ಅಸಲಿ ಮಾಲು ಹೆಂಗಿರ್ತದಂತ."

ಅವರ ಹೇಳಿದ್ರು ನೋಡ್ರಿ. ಅವರ. ಈ ಒಂದು ವರ್ಷದಾಗ ಎಷ್ಟು ಸಲ ಈ ಮಾತು ನನಗ ನಾನ ಹೇಳ್ಕೊಂಡೀನೋ ಲೆಕ್ಕಿಲ್ಲ. ಏನೂ ಉಪಯೋಗಾಗಿಲ್ಲ.

ಗ್ಲಾಸಿನ್ಯಾಗ ನೀರಿತ್ತು. ನಾಲ್ಕು ಎಳಿ ತಗೊಂಡೆ. ಅಷ್ಟರಾಗ ಕಾಕು ಅಡಗಿ ಮನಿಯಿಂದ ಹೊರಗ ಬಂದ್ಳು, ಕೈಯಾಗ ಸೌಟು. "ತಮ್ಮಾ, ಆ ನೀರು ಕುಡಿದು ಏಳು. ಊಟ ತಣ್ಣಗಾಗ್ತದ," ಅಂದ್ಳು. ಶ್ರೀಖಂಡ ತಣ್ಣಗ ಇರೋದಲ್ಲೇನು, ಇನ್ನೇನು ತಣ್ಣಗಾಗ್ತದ ಅಂತ ನಾನು ನಕ್ಕೆ. ಎಳಿ ನೀರಾಗ ಬಿಟ್ಟೆ.

ಅರ್ಧ ನಿಮಿಷ ಹಿಡೀಲಿಲ್ಲ. ಭಡಭಡ ಕಿತ್ತಳಿ ಬಣ್ಣ ಬಿಟ್ಟಿತು. ಎಳಿ ನೀರು ಕುಡಿದು ದಪ್ಪಾತು, ಸಾವಕಾಶ ಬಿಚ್ಕೊಂಡಿತು. ಕಹಳಿ ಬಾಯಿ ಇಲ್ಲ. ಸಣ್ಣ ಕೊಳವಿ, ಅದರ ತುದಿಗೆ ಐದು ಸಣ್ಣ ಎಸಳು. ನೀರಾಗ ಪುಟ್ಟ ಹೂವು ಅರಳಿದಂಗ. ಇಷ್ಟು ದಿನ ವಿಡಿಯೋದಾಗ ನೋಡಿದ್ದು ನನ್ನ ಕಣ್ಣ ಮುಂದ! ಬಾಯಿ ಮುಚ್ಚಾಕ ಆಗ್ಲಿಲ್ಲ ನೋಡ್ರಿ. ಕುಣಿದಾಡಿ ಹೇಳಿದೆ, "ಕಾಕಾ, ಇದು ಕೇಸರ ಅಲ್ಲ! ಕುಸುಬಿ ಹೂವಿನ ಎಸಳು! ಪಕ್ಕಾ ಡುಪ್ಲಿಕೇಟ್!"

ಶಿಂದೆ ತೊಡಿ ಬಡಕೊಂಡು ನಕ್ರು. "ಆಯುಷ್ಯಭರ ಲೋಕಾಂಚಾ ಮಾಲ ರಿಜೆಕ್ಟ ಕೇಲಾಸ, ಆಣಿ ಘರಾತ ಹೇ?" ಜೀವಮಾನ ಎಲ್ಲಾ ಮಂದಿ ಮಾಲು ರಿಜೆಕ್ಟ್ ಮಾಡ್ದಿ, ಮನ್ಯಾಗ ನೋಡಿದ್ರ ಇದು ಅಂತ. ಕೆಟ್ಟ ಮನಷ್ಯಾ ಅಲ್ಲ ಅವರು, ದೋಸ್ತರ ನಡುವ ಹಂಗ ನಡೀತದ. ಕಾಕಾನೂ ನಕ್ರು. ನಕ್ಕೋತ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ಆ ತಪಾಸಣಿ ಮಾಡೋ ಕಣ್ಣಿಂದ. ಕೆಳಗಿಟ್ರು. "ಹೌದಲ್ಲ," ಅಂದ್ರು. ಅಷ್ಟ.

ಊಟಕ್ಕ ಕೂತ್ವಿ. ಶ್ರೀಖಂಡ ಎರಡನೇ ಸಲ ಬ್ಯಾಡ ಅಂದ್ರು ಕಾಕಾ. ನಾನಂತೂ ಮೂರು ಸಲ ಹಾಕಿಸ್ಕೊಂಡೆ. ಅಷ್ಟು ಗೊತ್ತಾಗ್ಲಿಲ್ಲ ನನಗ.

ಗೊತ್ತಾಗಿದ್ದು ಹದಿನೈದು ದಿನದ ಮ್ಯಾಲ. ಆಫೀಸಿನ್ಯಾಗಿದ್ದಾಗ ಕಾಕಾನ ವಿಡಿಯೋ ಕಾಲ್ ಬಂತು. ಮಂಡಿಯೊಳಗ ನಿಂತಾರ, ಒಂದೊಂದು ಕೈಯಾಗ ಒಂದೊಂದು ಬದನಿಕಾಯಿ. "ತಮ್ಮಾ, ಇದರಾಗ ಯಾವುದು ತಗೊಳ್ಳಲಿ?" ಚಾಷ್ಟಿ ಮಾಡಾಕ ಹತ್ಯಾರ ಅಂತ ತಿಳ್ಕೊಂಡೆ. ಮಾರಿ ನೋಡಿದೆ. ಚಾಷ್ಟಿ ಅಲ್ಲ. ಆಮ್ಯಾಲ ಅಕ್ಕಿ ಯಾವುದು, ಫ್ಯಾನ್ ಯಾವ ಕಂಪನಿದು, ಕಾಕುಗ ಸೀರಿ ಯಾವ ಬಣ್ಣದ್ದು, ಎಲ್ಲಾ ನನ್ನ ಕೇಳೋದು. "ನಿನಗ ತಿಳೀತದಪಾ. ನನ್ನ ಕಣ್ಣು ಈಗ ನಂಬೂ ಹಂಗಿಲ್ಲ." ಒಂದಿನ ಜೋಡೀಲೆ ಹೋಗಿದ್ದಾಗ ಕಲ್ಲಂಗಡಿ ಗಾಡಿ ಮುಂದ ನಿಂತ್ರು. ಎರಡು ಬೆರಳು ಎತ್ತಿದ್ರು, ಇನ್ನೇನು ಬಡೀಬೇಕು, ಕೈ ಕೆಳಗ ಬಿಟ್ರು. ಗಾಡಿಯವನಿಗೆ, "ನೀನ ಒಂದು ಕೊಡು," ಅಂದ್ರು.

ಒಳಗ ಬಿಳಿ ಇತ್ತು ಆ ಕಲ್ಲಂಗಡಿ. ಸುಮ್ನ ತಿಂದ್ವಿ.

ನಾನು ಕಾಕುನ ಹಿಂದ ಅಡಗಿ ಮನಿಗೆ ಹೋಗಿ, "ಕಾಕು, ನಾನೇನು ಮಾಡ್ಲಿ?" ಅಂತ ಕೇಳಿದೆ. ಆಕಿ ಸೋರೆಕಾಯಿ ಹೆಚ್ಚಾಕ ಹತ್ತಿದ್ಳು. ತಲಿ ಎತ್ತದ ಅಂದ್ಳು, "ನಾ ಯಾ ಊರಾಕಿ?"

"ಇಂಡಿ ಕಡಿಯಾಕಿ."

"ಇಂಡಿ ಕಡೆ ಹೊಲದಾಗ ಏನು ಬಿತ್ತತಾರ? ಜ್ವಾಳದ ನಡುವ ಕುಸುಬಿ. ಮೈ ಪೂರ್ತಿ ಮುಳ್ಳು. ಕಾಲಿಗೆ ಅರಿವಿ ಸುತ್ಕೊಂಡು ಒಳಗ ಇಳೀತಿದ್ವಿ ನಾವು. ಬೆರಳಿಗೆ ಮುಳ್ಳು ಚುಚ್ಚಿಸ್ಕೊಂಡು ಎಸಳು ಬಿಡಿಸಿದಾಕಿಗೆ, ನೀರಾಗ ಹಾಕಿ ತೋರಸಬೇಕೇನೋ?"

ನನಗ ಒಂದು ಗಳಿಗಿ ತಿಳೀಲಿಲ್ಲ. ತಿಳಿದ ಮ್ಯಾಲ ಕೇಳಿದೆ, "ಮೊದ್ಲ ಗೊತ್ತಿತ್ತಾ ನಿನಗ?"

"ಡಬ್ಬಿ ತಗದ ದಿನಾನ."

"ಮತ್ತ ಯಾಕ ಹೇಳ್ಲಿಲ್ಲ?"

"ಎರಡು ದಿನದ ರೈಲಿನ್ಯಾಗ ಎದಿ ಕಿಸೆದಾಗ ಇಟ್ಕೊಂಡು ಬಂದಿದ್ರು. ಚೀಲದಾಗ ಇಟ್ರ ಯಾರರೆ ಹೊಡೀತಾರಂತ. ಬಾಗಿಲದಾಗ ಬೂಟು ಬಿಚ್ಚೂ ಮೊದ್ಲ ಕೈಯಾಗ ಕೊಟ್ರು." ಸೋರೆಕಾಯಿ ಪೂರ್ತಿ ಹೆಚ್ಚಿ ಮುಗಿಸಿ ಅಂದ್ಳು, "ಬಣ್ಣ ಅದು ಕೊಡ್ತಿತ್ತು. ವಾಸನಿಗೆ ನಾನು ಯಾಲಕ್ಕಿ, ಜಾಜಿಕಾಯಿ ಸ್ವಲ್ಪ ಹೆಚ್ಚು ಹಾಕ್ತಿದ್ದೆ. ಹನ್ನೆರಡು ವರ್ಷ ಯಾರಿಗೂ ಏನೂ ಕಡಿಮಿ ಬಿದ್ದಿರ್ಲಿಲ್ಲ."

ಅದಕ್ಕ ಅವತ್ತ ಸೌಟು ಹಿಡ್ಕೊಂಡು ಹೊರಗ ಬಂದಿದ್ಳು. ಆ ನೀರು ಕುಡಿದು ಏಳು ಅಂದಿದ್ಳು. ಕುಡೀಬೇಕಾಗಿತ್ತು ನಾನು.

ಇದು ನನ್ನ ಚಡಪಡಿಕಿ. ಕೇಸರ ಬಿಟ್ಟು ಬಿಡೋಣ ಅಂದ್ರ ಬಿಡಾಕಾಗವಲ್ದು. ಆಫೀಸಿನ್ಯಾಗ ಬಾಜೂದಾಕಿ ಬಿಸಿನೀರಾಗ ಹಸಿರು ಚಹಾದ ಪುಡಿಕಿ ಬಿಟ್ರ, ಆ ಬಣ್ಣ ಇಳಿಯಾಕ ಎಷ್ಟು ನಿಮಿಷ ಹಿಡೀತದಂತ ಎಣಸಾಕ ಹತ್ತಿರ್ತೀನಿ, ಆಮ್ಯಾಲ ಕಾಕಾ ನೆನಪಾಗಿ ಮಾರಿ ತಿರುಗಿಸ್ತೀನಿ. ಹಿಂಗಾಗಿ ಈ ಸಲ ಒಂದು ನಿರ್ಧಾರ ಮಾಡಿದೆ. ಊರಾಗ ಸಿಗೋ ಎಲ್ಲಾಕ್ಕಿಂತ ಚೊಲೋ ಮೊಂಗ್ರಾ ತಂದು ಕಾಕಾನ ಕೈಯಾಗ ಇಡೋದು. ಏನೂ ಮಾತಾಡಬಾರದು. ಅಸಲಿ ವಾಸನಿ ಒಮ್ಮೆ ಅವರ ಮೂಗಿಗೆ ಹೋದ್ರ ಎಲ್ಲಾ ಸರಿ ಹೋಗ್ತದ ಅಂತ ನನ್ನ ಲೆಕ್ಕ.

ನಾಲ್ಕು ಅಂಗಡಿ ತಿರುಗಿ ತಂದೆ. ಮುರಿದು ನೋಡಿದೆ, ನಾಲಿಗಿ ಮ್ಯಾಲ ಇಟ್ಟು ನೋಡಿದೆ, ರೂಮಿನ್ಯಾಗ ಒಬ್ಬನ ಕೂತು ನೀರಾಗ ಬಿಟ್ಟೂ ನೋಡಿದೆ. ಎಲ್ಲಾ ಚೊಲೋ. ಅಂಗಡ್ಯಾಂವ ಗಾಜಿನ ಡಬ್ಬ್ಯಾಗ ಕೊಟ್ಟಿದ್ದ. ಗಾಜಿನ್ಯಾಗ ಬೆಳಕು ಹೋಗ್ತದ, ಬೆಳಕು ಬಿದ್ರ ಕೇಸರ ಬಿಳಚಿಕೊಳ್ತದ. ಫ್ರಿಜ್‌ನಾಗ ಇಟ್ರ ಹಸಿ ಹಿಡೀತದ. ಕೇಸರಕ್ಕ ಬೇಕಾದದ್ದು ಕತ್ತಲಿ, ಒಣ ಜಾಗ, ಗಾಳಿ ಹೋಗದಂಥಾ ಮುಚ್ಚಳ. ರೂಮಿನ್ಯಾಗಿನ ಎಲ್ಲಾ ಡಬ್ಬಿ ಹುಡುಕಿ, ಅವ್ವ ವಿಜಾಪುರದಿಂದ ಅಡಗಿ ಸಾಮಾನು ತುಂಬಿ ಕಳಿಸಿದ್ದ ಈ ಸ್ಟೀಲ್ ಡಬ್ಬಿ ಆರಿಸಿದೆ. ಮುಚ್ಚಳದಾಗ ರಬ್ಬರ್ ಬಳಿ ಅದ, ತಗೀಬೇಕಂದ್ರ ಚಮಚಾ ಹಾಕಿ ಎತ್ತಬೇಕು, ಅಷ್ಟು ಬಿಗಿ. ಮೂರು ಸಲ ತೊಳ್ದು, ಬಿಸಿಲಿಗೆ ಒಣಗಿಸಿ, ಕೇಸರ ಕಾಗದದಾಗ ಮಡಚಿ ಒಳಗಿಟ್ಟೆ. ಹತ್ತು ದಿನ ಆತು, ಒಮ್ಮೆನೂ ತಗದಿಲ್ಲ. ತಗದ್ರ ವಾಸನಿ ಹೋಗ್ತದ. ಅದಕ್ಕ ಮುಂಜಾನಿಂದ ಕಿವಿ ಹತ್ರ ಹಿಡಿದು ಅಲ್ಲಾಡಿಸಾಕ ಹತ್ತಿದ್ದು.

ಇನ್ನ ಸಾಕು. ನಾಳೆ ಏನಾಗ್ತದೋ ಆಗ್ಲಿ.

*

ಮ್ಯಾಲಿಂದು ಬರ್ದು ಒಂದು ವಾರ ಆತು. ಓದಿ ನೋಡಿದೆ. ಎಷ್ಟು ಶಾಣ್ಯಾ ಇದ್ದೆ ನಾನು.

ಪಾಡ್ವಾದ ದಿನ ಹೋದೆ. ಬೇವು ಬೆಲ್ಲ ಕೊಟ್ರು, ಕಾಲಿಗೆ ಬಿದ್ದೆ. ಶಿಂದೆ ಇರ್ಲಿಲ್ಲ ಈ ಸಲ, ನಾವು ಮೂರ ಮಂದಿ. ಕಾಕು ಚಕ್ಕಾಕ್ಕ ಸಕ್ರಿ ಹಾಕಿ ಜರಡಿ ಮ್ಯಾಲ ತಿಕ್ಕಿ ತಯಾರು ಇಟ್ಟಿದ್ಳು, ಹಾಲು ಬೆಚ್ಚಗ ಮಾಡಿದ್ಳು. ಕುದಿಯೋ ಹಾಲಾಗ ಕೇಸರ ಹಾಕಬಾರದು ಅಂತ ನಾನ ಹಿಂದ ಯಾವಾಗೋ ಭಾಷಣ ಮಾಡಿದ್ದೆ. ಚೀಲದಿಂದ ಡಬ್ಬಿ ತಗದು ಕಾಕಾನ ಮುಂದ ಇಟ್ಟೆ. ಬಾಯಿ ಬಿಡ್ಲಿಲ್ಲ.

"ನೀ ನೋಡಿ ತಂದಿರ್ತಿ, ಕೊಡು ಆಕಿ ಕೈಯಾಗ," ಅಂದ್ರು ಕಾಕಾ, ಪೇಪರಿನಿಂದ ಕಣ್ಣು ಎತ್ತದ.

"ಮುಚ್ಚಳ ಬಿಗಿ ಅದ ಕಾಕಾ. ನೀವ ತಗೀರಿ."

ಚಮಚಾ ಹಾಕಿ ಎತ್ತಿದ್ರು. ಟಪ್ ಅಂತು. ಕಾಗದ ಬಿಚ್ಚಿದ್ರು. ಮೂಗಿನ ಹತ್ರ ಒಯ್ದ್ರು. ನಾನು ಅವರ ಮಾರಿ ನೋಡಾಕ ಹತ್ತಿದ್ದೆ. ಹುಬ್ಬು ಗಂಟಾತು. ಮತ್ತೊಮ್ಮೆ ಮೂಸಿದ್ರು. ಡಬ್ಬಿ ಮೂಸಿದ್ರು. ಮುಚ್ಚಳ ತಿರುಗಿಸಿ, ಆ ರಬ್ಬರ್ ಬಳಿ ಮ್ಯಾಲ ಬೆರಳಾಡಿಸಿ, ಬೆರಳು ಮೂಸಿದ್ರು. ವರ್ಷ ಆಗಿತ್ತು ಆ ಬೆರಳು ಹಂಗ ಆಡಿದ್ದು ನೋಡಿ.

"ಏ. ಇದರಾಗ ಸಾರಿನ ವಾಸನಿ ಬರಾಕತ್ತದಲ್ಲೋ."

"ಸಾರು? ಕಾಕಾ, ಅದು ಅಸಲಿ ಮೊಂಗ್ರಾ..."

ಕಾಕು ಬಂದು ಬಗ್ಗಿ ಮೂಸಿದ್ಳು. ಸೆರಗು ಬಾಯಿಗೆ ಇಟ್ಕೊಂಡ್ಳು. "ಅಯ್ಯ ನನ್ನ ತಮ್ಮಾ! ಇದು ನಿಮ್ಮವ್ವ ಇಂಗು ಇಡೋ ಡಬ್ಬಿ!"

"ಮೂರು ಸಲ ತೊಳ್ದೀನಿ!"

"ಮೂವತ್ತು ಸಲ ತೊಳಿ," ಅಂದ್ರು ಕಾಕಾ. ಪೇಪರ್ ಮಡಚಿ ಬಾಜೂಕ ಇಟ್ರು, ಕುರ್ಚಿ ಮುಂದ ಎಳ್ಕೊಂಡ್ರು. "ಅಲ್ಲೋ ಶಾಣ್ಯಾ, ನಮ್ಮ ಮಂದಿ ಮನ್ಯಾಗ ಎಲ್ಲಾಕ್ಕಿಂತ ಬಿಗಿ ಮುಚ್ಚಳದ ಡಬ್ಬಿ ಯಾವುದಕ್ಕ ಇಡ್ತಾರ? ಬಂಗಾರಕ್ಕ ಇಡ್ತಾರ? ಇಂಗಿಗೆ ಇಡ್ತಾರ! ಮನಿ ಪೂರ್ತಿ ಹರಡಬಾರದಂತ. ತೊಳ್ದ್ರ ಸ್ಟೀಲಿನ ವಾಸನಿ ಹೋದೀತು. ರಬ್ಬರ್ ಬಿಡ್ತದ? ಬಳಿ ತಗದು ನೋಡಿದ್ಯಾ? ಬಳಿ ಹಿಂದ ಬೆರಳು ಹಾಕಿದ್ಯಾ?"

"ಇಲ್ಲ ಕಾಕಾ."

"ಮಾಲು ನೋಡ್ದಿ, ಪ್ಯಾಕಿಂಗ್ ನೋಡ್ಲಿಲ್ಲ." ಕಾಗದ ಮಡಚಿ, ಡಬ್ಬ್ಯಾಗ ಇಟ್ಟು, ನನ್ನ ಮುಂದ ದೂಡಿ, ಒಂದ ಮಾತು ಅಂದ್ರು. "ರಿಜೆಕ್ಟ್."

ನೀವು ನಂಬ್ತೀರೋ ಇಲ್ಲೋ, ನನ್ನ ಕಣ್ಣಾಗ ನೀರು ಬಂತು. ನಾಲ್ಕು ಅಂಗಡಿ ತಿರುಗಿದ್ದು, ಹತ್ತು ದಿನ ಕಾಯ್ದದ್ದು ಎಲ್ಲಾ ಹೋತು ಅಂತಲ್ಲ. ಆ ಮಾತು ಆ ಬಾಯಿಂದ ಕೇಳಿ. ಕಾಕಾ ಅದನ್ನ ತಪ್ಪು ತಿಳ್ಕೊಂಡು, "ಏ, ಅದಕ್ಯಾಕ ಅಳ್ತಿ, ಸಾರಿಗೆ ಹಾಕಿದ್ರ ಆತು," ಅಂದ್ರು.

ಹಾಲು ಆರಾಕ ಹತ್ತಿತ್ತು. ಶ್ರೀಖಂಡ ಬೆಳ್ಳಗ ಕೂತಿತ್ತು. ಕಾಕು ಒಳಗ ಹೋದ್ಳು. ಕಪಾಟಿನ ಸಪ್ಪಳ ಕೇಳಿಸ್ತು. ಹೊರಗ ಬಂದಾಗ ಕೈಯಾಗ ಕೆಂ‌ಪು ಖಣ, ಅದರಾಗ ಆ ಹಳೇ ತಗಡಿನ ಡಬ್ಬಿ. ನಾನು ಎದ್ದು ನಿಂತೆ.

ಕಾಕಾ ಅಂದ್ರು, "ಅದು ಕುಸುಬಿ."

"ಹೌದ್ರಿ, ಕುಸುಬೀನ." ಕಾಕು ಮುಚ್ಚಳ ತಗೀತಿದ್ಳು. "ನೀವು ತಂದ ದಿನದಿಂದ ಕುಸುಬೀನ ಅದ. ನಡುವ ಏನೂ ಬದಲಾಗಿಲ್ಲ."

ಕಾಕಾ ಆಕಿನ್ನ ನೋಡಿದ್ರು. ನನಗ ಅಲ್ಲಿರೋದು ಬ್ಯಾಡಾತು.

"ನಿನಗ ಗೊತ್ತಿತ್ತು," ಅಂದ್ರು.

"ಕುಸುಬಿ ಹೊಲದಾಗ ಹುಟ್ಟಿದಾಕಿನ್ನ ಮಾಡ್ಕೊಂಡು, ಆಕಿಗೆ ಕುಸುಬಿ ತಂದು ಕೊಟ್ರ?"

"ಮತ್ತ ಹನ್ನೆರಡು ವರ್ಷ ಪಾಸ್ ಮಾಡಿದ್ಯಲ್ಲ?"

"ನನ್ನ ಇನ್ಸ್‌ಪೆಕ್ಷನ್ ಬ್ಯಾರೆ ಇರ್ತದ್ರಿ." ನಾಲ್ಕು ಎಳಿ ಹಾಲಾಗ ಬಿಟ್ಳು. "ಏಳ್ರಿ, ಆ ಯಾಲಕ್ಕಿ ಕುಟ್ಟಿ ಕೊಡ್ರಿ. ಒಂದೆರಡು ಹೆಚ್ಚು ಹಾಕ್ರಿ, ಇದಕ್ಕ ಬೇಕಾಗ್ತಾವ."

ಕಾಕಾನ ಮಾರಿ ಕೆಂಪಗಾಗಿತ್ತು, ಸಿಟ್ಟಿಗೋ ನಾಚಿಕಿಗೋ ನನಗ ತಿಳೀಲಿಲ್ಲ. ಆಮ್ಯಾಲ ಎದ್ರು. ಯಾಲಕ್ಕಿ ಡಬ್ಬಿ ತಗದ್ರು. ಒಂದು ಯಾಲಕ್ಕಿ ಎತ್ತಿ ಉಗುರಿಂದ ಸೀಳಿ, ಕಾಳು ನೋಡಿ, ಮೂಸಿ, "ಇದು ಯಾರು ತಂದದ್ದು?" ಅಂದ್ರು.

"ನಿಮ್ಮ ಇನ್ಸ್‌ಪೆಕ್ಟರ್. ನೀವು ಆತನ್ನ ಕೇಳಿ ತರಿಸಿದ್ರಿ."

"ಒಣಗಿ ಹೋಗ್ಯಾವ. ರಿಜೆಕ್ಟ್," ಅಂದ್ರು, ಆದ್ರೂ ಕುಟ್ಟಿದ್ರು. ಎರಡು ಹೆಚ್ಚು ಹಾಕಿ ಕುಟ್ಟಿದ್ರು. ಶ್ರೀಖಂಡ ಎರಡನೇ ಸಲ ಹಾಕಿಸ್ಕೊಂಡ್ರು, ಮೂರನೇ ಸಲ ಬಟ್ಟಲ ತಾವ ಮುಂದ ಮಾಡಿದ್ರು.

ಇಂಗು ಹಿಡಿದ ಕೇಸರ ಈ ವಾರ ಪೂರ್ತಿ ಸಾರಿಗೆ ಬೀಳಾಕ ಹತ್ತದ. ಇಡೀ ಪುಣೆದಾಗ ನನ್ನಷ್ಟು ತುಟ್ಟಿ ಸಾರು ಯಾರೂ ಉಂಡಿರಾಕಿಲ್ಲ. ಸುಳ್ಳು ಯಾಕ ಹೇಳ್ಲಿ, ರುಚಿ ಆಗೇದ.

ಇವತ್ತ ಮಧ್ಯಾಹ್ನ ಹೇಳದ ಕೇಳದ ಕಾಕಾ ನನ್ನ ರೂಮಿಗೆ ಬಂದ್ರು. ಸ್ಟೂಲ್ ಹತ್ತಿ ನನ್ನ ಎಲ್ಲಾ ಡಬ್ಬಿ ತಗದು ತಗದು ಮೂಸಿದ್ರು. ಅರ್ಧಕ್ಕರ್ಧ ರಿಜೆಕ್ಟ್. "ನಡಿ," ಅಂದ್ರು, "ಕೇಸರ ತರೋಣ. ಮುಂದಿನ ವರ್ಷದ್ದು ಈಗ ನೋಡಿ ಇಡಬೇಕು."

ಅಂಗಡ್ಯಾಂವ ಮೂರು ಥರದ್ದು ಕಾಗದದ ಮ್ಯಾಲ ಹಾಕಿ ತೋರಿಸಿದ. "ಏಕದಮ ಓರಿಜಿನಲ್ ಆಹೇ ಕಾಕಾ." ಹೊರಗ ಬಿಸಿಲು ಅಂತ, ಪಾಪ, ಎರಡು ಗ್ಲಾಸು ನೀರು ತರಿಸಿ ನಮ್ಮ ಮುಂದ ಇಟ್ಟ. ಕಾಕಾ ಒಂದು ಎಳಿ ಬೆರಳಿನ ತುದಿಗೆ ತಗೊಂಡ್ರು. ಬೆಳಕಿಗೆ ಹಿಡಿದ್ರು. ಮುರಿದ್ರು, ಕಿವಿ ಹತ್ರ ಹಿಡಿದು ಮುರಿದ್ರು, ಕಲ್ಲಂಗಡಿ ಕೇಳೂ ಹಂಗ. ಮೂಸಿದ್ರು, ಕಣ್ಣು ಮುಚ್ಚಿದ್ರು. ನನಗ ಮುಟ್ಟದ ಗೊತ್ತಾತು, ಮೊದಲನೇದು ಸರಿ ಇಲ್ಲ, ಕಟ್ ಅನ್ಲಿಲ್ಲ, ಬಾಗಿ ಮುರೀತು, ನೀರು ಹೊಡದಾರ. ಹೇಳ್ಲ್ಯಾ? ಎರಡು ಎಳಿ, ಎರಡ ಎಳಿ ಆ ಗ್ಲಾಸಿನ್ಯಾಗ ಬಿಟ್ರ ಮುಗೀತು. ಗ್ಲಾಸು ಅಲ್ಲೇ ಅದ. ಕೈ ಅದರ ಮ್ಯಾಲ ಹೋಗೇಬಿಟ್ಟಿತ್ತು.

ಕಾಕಾ ಕಣ್ಣು ತಗದು ನನ್ನ ಕಡೆ ಅರ್ಧ ತಿರುಗಿದ್ರು. ಆಮ್ಯಾಲ, ಏನೂ ಕೇಳದ, ವಾಪಸ್ ಅಂಗಡ್ಯಾವ್ನ ಕಡೆ ತಿರುಗಿದ್ರು. "ಹೇ ನಕೋ," ಅಂದ್ರು. "ದುಸರಂ ದಾಖವಾ." ಇದು ಬ್ಯಾಡ, ಬ್ಯಾರೆದು ತೋರಸು ಅಂತ.

ನಾನು ಗ್ಲಾಸು ಎತ್ತಿದೆ, ನೀರು ಪೂರ್ತಿ ಕುಡಿದು ಬಿಟ್ಟೆ.